ಮೂರು ವರ್ಷದ ಫೆಲೋಶಿಪ್, ನೂರು ವರ್ಷದ ಮಣ್ಣು

ಸುಸ್ಥಿರ ಕೃಷಿ ಮತ್ತು ಆಹಾರ ಭದ್ರತೆ ಕುರಿತು ಬೆಂಗಳೂರಿನಲ್ಲಿ ನಡೆದ ಒಂದು ರಾಷ್ಟ್ರೀಯ ವಿಚಾರ ಸಂಕಿರಣ. ವೇದಿಕೆಯ ಮೇಲೆ ಹೂಗುಚ್ಛ, ಪ್ರತಿನಿಧಿಗಳ ಕೈಯಲ್ಲಿ ಚೀಲ, ಚೀಲದೊಳಗೆ ಪ್ರಬಂಧಗಳ ಸಾರಾಂಶದ ಪುಸ್ತಕ. ಎರಡನೆಯ ಗೋಷ್ಠಿ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಲ್ಲಿದ್ದ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಎದ್ದು ನಿಂತರು. ‘ಸಾರ್, ನಮ್ಮ ತೋಟಕ್ಕೆ ಎಲೆಚುಕ್ಕೆ ರೋಗ ಬಂದ ಮೊದಲ ವರ್ಷ ಒಬ್ಬ ಹುಡುಗ ಬಂದು ಎಲೆ ಕೊಯ್ದುಕೊಂಡು ಹೋದರು. ಎರಡನೆಯ ವರ್ಷವೂ ಬಂದರು. ಆಮೇಲೆ ಬರಲಿಲ್ಲ. ಆ ಎಲೆಯಲ್ಲಿ ಏನು ಕಂಡಿತು ಎಂದು ನಾನು ಯಾರನ್ನು ಕೇಳಬೇಕು?’

ಸಭೆಯಲ್ಲಿ ಅರೆಗಳಿಗೆ ಮೌನ. ಒಳ್ಳೆಯ ಪ್ರಶ್ನೆ, ಸಮಯದ ಅಭಾವವಿದೆ, ಊಟದ ವಿರಾಮದಲ್ಲಿ ಚರ್ಚಿಸೋಣ ಎಂದರು ಅಧ್ಯಕ್ಷರು. ಊಟದ ಹೊತ್ತಿಗೆ ಆ ಬೆಳೆಗಾರರು ಬಸ್ಸು ಹಿಡಿಯಲು ಹೊರಟುಹೋಗಿದ್ದರು.

ಎಲೆ ಕೊಯ್ದುಕೊಂಡು ಹೋದ ಹುಡುಗ ಮೋಸಗಾರನಲ್ಲ. ಅವನು ಸಂಶೋಧನಾ ವಿದ್ಯಾರ್ಥಿ. ಯೋಜನೆಯೊಂದರ ಹಣದಲ್ಲಿ ಫೆಲೋಶಿಪ್ ಪಡೆಯುತ್ತಿದ್ದವನು. ಯೋಜನೆಯ ಅವಧಿ ಮುಗಿಯಿತು, ಫೆಲೋಶಿಪ್ ನಿಂತಿತು, ಅವನು ಬೇರೆ ಊರಿನಲ್ಲಿ ಬೇರೆ ಬೆಳೆಯ ಮೇಲೆ ಬೇರೆ ಕೆಲಸ ಹಿಡಿದ. ರೋಗ ಮಾತ್ರ ತೋಟದಲ್ಲೇ ಉಳಿಯಿತು. ನಮ್ಮ ಕೃಷಿ ಸಂಶೋಧನೆಯ ಇಂದಿನ ತೊಡಕು ಇರುವುದು ಇಲ್ಲಿ. ಬೆಳೆ, ಮಣ್ಣು, ರೋಗಗಳ ಕಾಲಮಾನವೇ ಒಂದು. ಸಂಶೋಧಕನಿಗೆ ನಾವು ಕೊಡುವ ಕಾಲಾವಕಾಶವೇ ಇನ್ನೊಂದು.

ಹೀಗೆಯೇ ಆಗಬೇಕೆಂದೇನೂ ಇಲ್ಲ ಎಂಬುದಕ್ಕೆ ಅದೇ ಮಲೆನಾಡಿನ ಅದೇ ಅಡಿಕೆ ತೋಟಗಳಲ್ಲಿ ಸಾಕ್ಷಿಯಿದೆ. ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದದ್ದು 1908ರಲ್ಲಿ. ಆಗ ಮಳೆಗಾಲದಲ್ಲಿ ಅಡಿಕೆ ಗೊನೆಗಳು ಕೊಳೆತು ಕಾಯಿ ಉದುರುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೊಂದೇ ಬೆಳೆಗಾರರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ ತೋಟಗಳಿಗೇ ಹೋಗಿ ರೋಗವನ್ನು ಅಭ್ಯಾಸ ಮಾಡಿದರು. ಫೈಟಾಫ್ತೊರಾ ಜಾತಿಯ ಶಿಲೀಂಧ್ರವೇ ಕಾರಣವೆಂದು ಗುರುತಿಸಿ, 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಎತ್ತರದ ಅಡಿಕೆ ಮರದ ಗೊನೆಗೆ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ನೂರು ವರ್ಷ ಕಳೆದ ಮೇಲೂ ಮುಂಗಾರು ಬಂದೊಡನೆ ಮಲೆನಾಡಿನವರು ‘ಔಷಧಿ ಹೊಡೆಯುವುದು’ ಎಂದರೆ ಮೊದಲು ಅದೇ ನೀಲಿ ದ್ರಾವಣ.

ಕೋಲ್ಮನ್ ವರದಿ ಬರೆದು ಹಡಗು ಹತ್ತಲಿಲ್ಲ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಬಂದದ್ದು ಅವರ ಕಾಲದಲ್ಲಿಯೇ. ಅವರು ಮೈಸೂರನ್ನು ಬಿಟ್ಟದ್ದು 1934ರಲ್ಲಿ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಒಬ್ಬ ವಿಜ್ಞಾನಿ ಒಂದೇ ಸೀಮೆಯ ರೈತರಿಗೆ ಉತ್ತರದಾಯಿಯಾಗಿದ್ದ.

ಇನ್ನೊಂದು ನಿದರ್ಶನ ಮಂಡ್ಯದ ವಿ.ಸಿ. ಫಾರ್ಮಿನ ಸಿ.ಎಚ್. ಲಕ್ಷ್ಮಣಯ್ಯ ಅವರದು. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕದು. ನಸುಕಿನಲ್ಲಿ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದೆಂದರೆ ಅಪಾರ ತಾಳ್ಮೆಯ ಕೆಲಸ. ದಶಕಗಳ ಕಾಲ ಅದನ್ನೇ ಮಾಡಿದ ಲಕ್ಷ್ಮಣಯ್ಯ, ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ‘ಇಂಡಾಫ್’ ತಳಿಗಳ ಸಾಲನ್ನೇ ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳೇ ಸೇರಿ ಆ ಹೆಸರಾಯಿತು. ಹಳೆಯ ಮೈಸೂರಿನ ಹೊಲಗಳಲ್ಲಿ ರಾಗಿಯ ಇಳುವರಿ ಏರಿದ್ದರ ಹಿಂದೆ ಈ ತಳಿಗಳಿವೆ. ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದದ್ದು ಸಂಕಿರಣದಲ್ಲಿ ಹೊದಿಸಿದ ಶಾಲಿನಿಂದಲ್ಲ, ಕಣದಲ್ಲಿ ಬಿದ್ದ ರಾಶಿಯಿಂದ.

ಹಿಂದಿನವರೆಲ್ಲ ಮಹಾತ್ಮರು, ಇಂದಿನವರು ಅಲ್ಪರು ಎಂದು ಹೇಳಲು ಈ ಮಾತು ಎತ್ತಿದ್ದಲ್ಲ. ಅವರಿಬ್ಬರಿಗೂ ಸ್ಥಿರವಾದ ಹುದ್ದೆಯಿತ್ತು, ತಿಂಗಳ ಸಂಬಳವಿತ್ತು, ಸೋತರೆ ಮತ್ತೆ ಬಿತ್ತಲು ಮರುವರ್ಷದ ಹಂಗಾಮಿತ್ತು. ಇಂದಿನ ಯುವ ಸಂಶೋಧಕನ ಸ್ಥಿತಿ ನೋಡಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಪರಿಷ್ಕರಣೆಯಲ್ಲಿ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ ಗೊತ್ತಾಯಿತು. ಅದೂ ಆಯ್ದ ಕೆಲವರಿಗೆ. ಆ ಪರೀಕ್ಷೆಯ ಬಲವಿಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡುತ್ತಿದ್ದವರಿಗೆ 2015ರಲ್ಲಿ ಸಿಗುತ್ತಿದ್ದುದು 8,000 ರೂಪಾಯಿ. ಅದನ್ನೂ ನಿಲ್ಲಿಸುವ ಮಾತು ಬಂದಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಬೀದಿಗಿಳಿಯಬೇಕಾಯಿತು. ಮಂಜೂರಾದ ಹಣ ತಿಂಗಳುಗಟ್ಟಲೆ ಕೈಗೆ ಬಾರದೆ ಸಾಲ ಮಾಡಿ ಹಾಸ್ಟೆಲ್ ಬಾಕಿ ತೀರಿಸಿದವರು ನಮ್ಮ ನಡುವೆಯೇ ಇದ್ದಾರೆ. ಹಳ್ಳಿಗೆ ಹೋಗುವ ಬಸ್ ಚಾರ್ಜಿಗೂ ಯೋಚಿಸುವವನು ವರ್ಷಕ್ಕೆ ನಾಲ್ಕು ಬಾರಿ ತೋಟ ನೋಡಿಬರಲಿ ಎಂದು ಬಯಸುವುದು ನ್ಯಾಯವೇ?

ಹಣಕ್ಕಿಂತ ದೊಡ್ಡ ಪ್ರಶ್ನೆ ಕಾಲದ್ದು. ಮಣ್ಣು ತನ್ನ ಗುಟ್ಟನ್ನು ಮೂರು ವರ್ಷದಲ್ಲಿ ಬಿಟ್ಟುಕೊಡುವುದಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗ ಇಂದಿಗೂ ಅದೇ ಹೊಲದಲ್ಲಿ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಿತ ರಾಗಿಗೆ ಗೊಬ್ಬರ ಹೇಗೆ ಕೊಡಬೇಕೆಂಬ ದೀರ್ಘಕಾಲೀನ ಪ್ರಯೋಗ 1978ರಲ್ಲಿ ಶುರುವಾಯಿತು. ಏನೂ ಕೊಡದ ತಾಕಿನಲ್ಲಿ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸು ಮಾಡಿದ ರಸಗೊಬ್ಬರವನ್ನೂ ಕೊಟ್ಟ ತಾಕಿನಲ್ಲಿ ಇಳುವರಿ ನಿಂತಿತು, ಮಣ್ಣಿನ ಇಂಗಾಲವೂ ಉಳಿಯಿತು. ರಸಗೊಬ್ಬರವೇ ಸರ್ವಸ್ವವೆನ್ನುವವರಿಗೂ ಅದು ಪೂರಾ ವಿಷವೆನ್ನುವವರಿಗೂ ಇದಕ್ಕಿಂತ ಸಮಾಧಾನದ ಉತ್ತರ ಬೇರೆಯಿಲ್ಲ. ಆದರೆ ಈ ಉತ್ತರ ಬರಲು ದಶಕಗಳೇ ಬೇಕಾದವು. ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಎರಡು ಮೂರು ಬೆಳೆಗಳ ಲೆಕ್ಕವನ್ನಷ್ಟೇ ಕಂಡಿರುತ್ತಾನೆ. ತಾಕು ಮಾತ್ರ ಎಲ್ಲರನ್ನೂ ಕಂಡಿರುತ್ತದೆ. ಇಂಥ ತಾಕುಗಳು ಫೆಲೋಶಿಪ್‌ಗಳಿಂದ ಉಳಿದವಲ್ಲ, ಅವನ್ನು ಕಾಯ್ದ ಸಂಸ್ಥೆಗಳಿಂದ ಉಳಿದವು.

ಇನ್ನು ಸಂಕಿರಣಗಳ ಮಾತು. ಅವು ನಾಯಿಕೊಡೆಗಳಂತೆ ಹಬ್ಬಿದ್ದು ಜ್ಞಾನದಾಹದಿಂದ ಮಾತ್ರವೇ ಅಲ್ಲ. ಯುಜಿಸಿಯ 2010ರ ನಿಯಮಾವಳಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಪದ್ಧತಿ ತಂದಿತು. ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರೂ ಅಂಕ. 2016ರ ನಿಯಮಾವಳಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಎರಡು ಸಂಕಿರಣಗಳಲ್ಲಿ ಮಂಡನೆ ಮತ್ತು ಒಂದು ಪ್ರಕಟಿತ ಲೇಖನ ಕಡ್ಡಾಯವೆಂದಿತು. ಬೇಡಿಕೆ ಹುಟ್ಟಿದ ಮೇಲೆ ಪೂರೈಕೆ ತಡವಾಗುತ್ತದೆಯೇ? ಹತ್ತು ನಿಮಿಷ ಮಂಡನೆ, ಎರಡು ನಿಮಿಷ ಪ್ರಶ್ನೆ, ಸಂಜೆ ಪ್ರಮಾಣಪತ್ರ. 2022ರ ನಿಯಮಾವಳಿಯಲ್ಲಿ ಆ ಕಡ್ಡಾಯವನ್ನು ಕೈಬಿಡಲಾಯಿತು. ಆದರೆ ನಿಯಮ ಹೋದರೂ ರೂಢಿ ಹೋಗಿಲ್ಲ.

ಹಾಗೆಂದು ಸಂಕಿರಣವೇ ವ್ಯರ್ಥವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಪ್ರಯೋಗದ ದೋಷವನ್ನು ಅಚ್ಚಾಗುವ ಮೊದಲೇ ಹಿಡಿದು ಹೇಳುವ ಜಾಗ ಅದು. ಸಣ್ಣ ಊರಿನ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳು ತನ್ನ ವಿಷಯದ ಹಿರಿಯರೊಡನೆ ಸಮಾನಳಾಗಿ ಮಾತಾಡುವ ಅವಕಾಶ ಅದು. ಕೇಡಿರುವುದು ಸಂಕಿರಣದಲ್ಲಲ್ಲ, ಬೆಳೆಗಾರನ ಪ್ರಶ್ನೆಗೆ ಅದರಲ್ಲಿ ಹೊತ್ತಿಲ್ಲದಿರುವುದರಲ್ಲಿ.

ವಿಷಯದ ಆಯ್ಕೆಯಲ್ಲಿಯೂ ಇದೇ ಗಾಳಿ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ್ದು ಸಂತೋಷದ ಸಂಗತಿಯೇ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ನಮ್ಮ ರಾಜ್ಯಕ್ಕಂತೂ ಹೆಮ್ಮೆಯ ಗಳಿಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆಯೆಂಬ ಸ್ಲೈಡು ಆ ವರ್ಷ ಎಷ್ಟು ಸಭೆಗಳಲ್ಲಿ ಹೊಳೆಯಿತೋ! ಆದರೆ ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸಿನ ಬೆನ್ನುನೋವು, ಸಾಮೆ, ಹಾರಕಗಳ ಗಟ್ಟಿ ಹೊಟ್ಟು ತೆಗೆಯಲು ಹಳ್ಳಿಯ ಹತ್ತಿರವೇ ಸಿಗಬೇಕಾದ ಯಂತ್ರ, ಕೊಯ್ಲಿಗೆ ಬಂದ ಪೈರು ಮಳೆಗೆ ಸಿಕ್ಕಿದಾಗ ಒಣಗಿಸುವ ಬಗೆ, ಇವು ಸಾರಾಂಶದ ಪುಸ್ತಕದಲ್ಲಿ ಅಪರೂಪ. ಇವುಗಳ ಮೇಲಿನ ಲೇಖನ ಹೆಸರಾಂತ ವಿದೇಶಿ ಪತ್ರಿಕೆಯಲ್ಲಿ ಸುಲಭಕ್ಕೆ ಅಚ್ಚಾಗದು. ಅಚ್ಚಾಗದ್ದನ್ನು ಮಾಡಿದವನಿಗೆ ನೌಕರಿ ಸಿಗದು. ವಿದ್ಯಾರ್ಥಿಯನ್ನು ದೂರಿ ಫಲವೇನು?

ರೈತರಿಂದ ಪಡೆದದ್ದನ್ನು ರೈತರಿಗೆ ಹಿಂದಿರುಗಿಸುವ ಕರ್ತವ್ಯವೂ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನನ್ನು ಬರಿಯ ಬಳಕೆದಾರನೆಂದಲ್ಲ, ತಳಿಯ ಸಂರಕ್ಷಕ ಮತ್ತು ಅಭಿವೃದ್ಧಿಕಾರನೆಂದೂ ಒಪ್ಪಿದೆ. ಅಟ್ಟದ ಮೇಲಿನ ಮಡಕೆಯಿಂದ ಬೀಜ ತೆಗೆದುಕೊಟ್ಟ ಅಜ್ಜಿಯ ಹೆಸರು ಮಾತ್ರ ಪ್ರಬಂಧದ ಕೃತಜ್ಞತೆಯ ಪುಟದಲ್ಲೂ ಇರುವುದಿಲ್ಲ.

ಮಾಡಬೇಕಾದ್ದು ಅಸಾಧ್ಯವಾದುದಲ್ಲ. ಮೊದಲನೆಯದು, ಹೊಲದ ಮೇಲೆ ನಡೆಯುವ ಪ್ರತಿ ಫೆಲೋಶಿಪ್ಪಿನ ಕೊನೆಯಲ್ಲೂ ಆಯಾ ಊರಿಗೆ ಮರಳಿ ಹೋಗಿ, ಕಂಡದ್ದನ್ನೂ ಕಾಣದ್ದನ್ನೂ ಕನ್ನಡದಲ್ಲಿ ತಿಳಿಸುವುದು ಕಡ್ಡಾಯವಾಗಲಿ; ಅದರ ಖರ್ಚು ಅನುದಾನದಲ್ಲಿಯೇ ಸೇರಿರಲಿ. ಎರಡನೆಯದು, ವಿದ್ಯಾರ್ಥಿ ಬದಲಾದರೂ ತೋಟ ಬದಲಾಗದಂತೆ, ತಾಲ್ಲೂಕಿಗೊಂದಾದರೂ ಕಾಯಂ ಅಧ್ಯಯನದ ತಾಕು ಇರಲಿ; ಒಬ್ಬರ ದಾಖಲೆ ಮುಂದಿನವರ ಕೈಗೆ ಸೇರಲಿ. ಮೂರನೆಯದು, ಸಾರ್ವಜನಿಕ ಹಣದಲ್ಲಿ ನಡೆಯುವ ಕೃಷಿ ಸಂಕಿರಣದ ಮೊದಲ ಗೋಷ್ಠಿಯೇ ಬೆಳೆಗಾರರದಾಗಲಿ. ವಿಜ್ಞಾನಿಗಳು ಅಲ್ಲಿ ಕೇಳುಗರಾಗಿರಲಿ. ಇವೆಲ್ಲಕ್ಕೂ ಹಣ ಬೇಕು ನಿಜ. ಕೃಷಿ ಉತ್ಪನ್ನದ ಮೌಲ್ಯದ ಶೇಕಡ ಒಂದರಷ್ಟನ್ನೂ ಕೃಷಿ ಸಂಶೋಧನೆಗೆ ಕೊಡದ ದೇಶ ನಮ್ಮದು. ಕೊಡುವ ಅಲ್ಪವಾದರೂ ಅರ್ಧಕ್ಕೆ ನಿಂತ ಕೆಲಸಗಳ ಮೇಲೆ ಹೋಗದಿರಲಿ.

1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ಆರಂಭಿಸಿದಾಗ, ಮರುವರ್ಷದ ವರದಿಗಾಗಿ ಕೊಟ್ಟಿರಲಾರರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಂದದ್ದು ಆರು ದಶಕಗಳಿಗೂ ಮೇಲೆ, 1964ರಲ್ಲಿ. ಅಷ್ಟು ಕಾಯುವ ತಾಳ್ಮೆ ಆಳುವವರಿಗೆ ಆಗ ಇತ್ತು.

ಆ ಬೆಳೆಗಾರರು ಈಗ ತಮ್ಮ ತೋಟದಲ್ಲಿರುತ್ತಾರೆ. ಎಲೆಚುಕ್ಕೆ ಮೇಲಿನ ಗರಿಗಳಿಗೆ ಏರಿದೆಯೇ ಎಂದು ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿರಬಹುದು. ‘ಯಾರನ್ನು ಕೇಳಬೇಕು’ ಎಂಬ ಅವರ ಪ್ರಶ್ನೆಗೆ ಒಂದು ಹೆಸರು, ಒಂದು ವಿಳಾಸ ಕೊಡಲು ನಮ್ಮಿಂದಾದರೆ ಸುಸ್ಥಿರತೆಯ ಮಾತಾಡುವ ಅರ್ಹತೆ ನಮಗೆ ಅಷ್ಟರಮಟ್ಟಿಗೆ ಬಂದಂತೆ.