ಮುಗಿಯದ ಆಟ, ಆಡಿದವರ ಮಾತು

ದಾಳ ಮೋಸ ಮಾಡುತ್ತಿದೆ. ‘ಬಾಲ್ಡರ್ಸ್ ಗೇಟ್ 3’ ಎಂಬ ವಿಡಿಯೊ ಗೇಮ್ ಇನ್ನೂ ಅರೆಬರೆಯಾಗಿದ್ದಾಗಲೇ ಕೊಂಡು ಆಡಿದ ಅನೇಕರ ದೂರು ಇದು. ತೆರೆಯ ಮೇಲೆ ಏಟು ತಾಗುವ ಸಾಧ್ಯತೆ ಶೇ 60 ಎಂದು ಕಾಣುತ್ತದೆ. ಕತ್ತಿ ಬೀಸಿದರೆ ತಾಗುವುದಿಲ್ಲ. ಮತ್ತೊಮ್ಮೆ ಬೀಸಿದರೂ ಇಲ್ಲ. ಮೂರನೆಯದೂ ಗಾಳಿಗೆ ಹೋಗುತ್ತದೆ. ಅಷ್ಟರೊಳಗೆ ಎದುರಿಗಿದ್ದ ಗಾಬ್ಲಿನ್ ಬಂದು ಹೊಡೆದು ಕೆಡವಿರುತ್ತದೆ.

ಕೂತು ಲೆಕ್ಕ ಹಾಕಿದರೆ ದಾಳದ ತಪ್ಪೇನೂ ಇಲ್ಲ. ಶೇ 60 ಸಾಧ್ಯತೆಯ ಏಟು ಸತತವಾಗಿ ಮೂರು ಸಲ ತಪ್ಪುವುದು ನೂರಕ್ಕೆ ಆರಕ್ಕಿಂತ ತುಸು ಹೆಚ್ಚು. ಮತ್ತೆ ಮತ್ತೆ ದಾಳ ಉರುಳುತ್ತಲೇ ಇರುವ ಆಟದಲ್ಲಿ ಅದು ಆಗಿಯೇ ಆಗುತ್ತದೆ. ಆಟ ಕಟ್ಟುತ್ತಿದ್ದ ಬೆಲ್ಜಿಯಂನ ಗೆಂಟ್ ನಗರದ ಲಾರಿಯನ್ ಸ್ಟುಡಿಯೋಸ್ ಸಂಸ್ಥೆಯವರು ‘ನಿಮ್ಮ ಲೆಕ್ಕ ತಪ್ಪು’ ಎಂದು ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. 2021ರಲ್ಲಿ ಬಂದ, ಆಟ ತಿದ್ದುವ ಒಂದು ಪ್ಯಾಚ್‌ನಲ್ಲಿ, ಅದೃಷ್ಟವಾಗಲಿ ದುರದೃಷ್ಟವಾಗಲಿ ಸಾಲಾಗಿ ಬರದಂತೆ ತಡೆಯುವ ಒಂದು ಆಯ್ಕೆ ಇಟ್ಟರು. ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ತೆಗೆದಿಡಬಹುದು. ಮುಗಿದ ಆಟದಲ್ಲಿ ಅದರ ಹೆಸರು ‘ಕರ್ಮಿಕ್ ಡೈಸ್’. ನಮ್ಮ ‘ಕರ್ಮ’ ಪದವೇ ಅಲ್ಲಿ ದಾಳಕ್ಕೆ ಅಂಟಿಕೊಂಡಿದೆ.

ಆಟಗಾರರು ಹೇಳಿದ ಕಾರಣ ತಪ್ಪಾಗಿತ್ತು, ಆದರೆ ಅವರಿಗಾದ ಬೇಸರ ನಿಜವಾಗಿತ್ತು. ಅಪೂರ್ಣ ಆಟದ ಬಗ್ಗೆ ಬರುವ ಅಭಿಪ್ರಾಯವನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಗಿಯದ ಆಟವನ್ನು ಆಡಿಸಿ ಮಾತು ಕೇಳುವ ಈ ರೂಢಿಯ ಬೇರು ಕಂಪ್ಯೂಟರಿನಲ್ಲಿಲ್ಲ. 1971ರ ಸುಮಾರಿಗೆ ಅಮೆರಿಕದ ಮಿನೆಸೋಟದಲ್ಲಿ ಡೇವ್ ಆರ್ನೆಸನ್ ತನ್ನ ಗೆಳೆಯರಿಗಾಗಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ಸೀಮೆಯ ಆಟ ಆಡಿಸುತ್ತಿದ್ದ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಿದ್ದರು. ಮುಂದೇನು ಮಾಡಬೇಕೆಂದು ತಾವೇ ಹೇಳುತ್ತಿದ್ದರು. 1972ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿಗೆ ಹೋಗಿ ಅಲ್ಲಿನ ಆಟಗಾರ ಗ್ಯಾರಿ ಗೈಗ್ಯಾಕ್ಸ್‌ಗೂ ಆಡಿಸಿ ತೋರಿಸಿದ. ಗೈಗ್ಯಾಕ್ಸ್‌ಗೆ ಹುಚ್ಚು ಹಿಡಿಯಿತು. ಐವತ್ತು ಪುಟಗಳಷ್ಟು ನಿಯಮಗಳ ಕರಡು ಬರೆದ. ಮೊದಲು ಆಡಿಸಿದ್ದು ತನ್ನ ಮಕ್ಕಳಾದ ಎರ್ನಿ ಮತ್ತು ಎಲಿಸ್‌ಗೆ. ಆಮೇಲೆ ಗೆಳೆಯರಿಗೆ. ಕರಡಿನ ಪ್ರತಿಗಳು ಬೇರೆ ಊರುಗಳ ಆಟಗಾರರ ಕೈಗೂ ಹೋದವು. ಅವರು ಆಡಿ ನೋಡಿ ಪ್ರಶ್ನೆ ಕೇಳಿದಂತೆಲ್ಲ ಕರಡು ಬೆಳೆಯಿತು. 1974ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರಿನಲ್ಲಿ ಸಾವಿರ ಪ್ರತಿಗಳು ಅಚ್ಚಾದವು. ಇಂದು ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯುವ ಇಡೀ ಕುಲಕ್ಕೆ ಅದೇ ಮೂಲ.

ಆ ಮೇಜಿನ ಸುತ್ತ ಒಂದು ಅನುಕೂಲವಿತ್ತು. ಆಟ ನಡೆಸುವ ಸೂತ್ರಧಾರನಿಗೆ ಆಡುವವರ ಮುಖ ಕಾಣುತ್ತಿತ್ತು. ಯಾರೋ ಆಕಳಿಸಿದರೆ ಕಥೆ ಎಳೆದಾಯಿತೆಂದು ಗೊತ್ತಾಗುತ್ತಿತ್ತು. ಒಗಟು ಬಿಡಿಸಲಾಗದೆ ಹುಬ್ಬು ಗಂಟಿಕ್ಕಿದರೆ ಒಂದು ಸುಳಿವು ಬಿಟ್ಟುಕೊಡುತ್ತಿದ್ದ. ಅದೇ ಆಟ ಕಂಪ್ಯೂಟರಿಗೆ ಬಂದಾಗ ಆ ಮುಖ ಮಾಯವಾಯಿತು. ಕಟ್ಟಿದವರು ಒಂದೂರಲ್ಲಿ, ಆಡುವವರು ಇನ್ನೆಲ್ಲೋ. ತಪ್ಪು ಗೊತ್ತಾಗುವ ಹೊತ್ತಿಗೆ ಡಿಸ್ಕ್ ಅಂಗಡಿ ಸೇರಿರುತ್ತಿತ್ತು.

ಕುದುರೆ ಓಡಿಸುವ, ಚೆಂಡು ಹೊಡೆಯುವ ಆಟವನ್ನಾದರೆ ಕಟ್ಟಿದವರೇ ಸಾವಿರ ಸಲ ಆಡಿ ನೋಡಬಹುದು. ಪಾತ್ರದ ಆಟದಲ್ಲಿ ಅದು ಸಾಲದು. ಬಾಗಿಲಿಗೆ ಬೀಗವಿದ್ದರೆ ಒಬ್ಬ ಕೀಲಿ ಹುಡುಕುತ್ತಾನೆ, ಇನ್ನೊಬ್ಬ ಬಾಗಿಲಿಗೇ ಬೆಂಕಿ ಇಡುತ್ತಾನೆ, ಮತ್ತೊಬ್ಬಳು ಕಾವಲುಗಾರನ ಜೊತೆ ಮಾತಿಗೆ ಕೂರುತ್ತಾಳೆ. ಇಷ್ಟೆಲ್ಲವನ್ನೂ ಮೊದಲೇ ಊಹಿಸುವುದು ಕಟ್ಟುವವರಿಂದ ಆಗದ ಕೆಲಸ. ಆಡಿದವರೇ ಬಂದು ಹೇಳಬೇಕು.

ಲಾರಿಯನ್ ಇದನ್ನು ಕಲಿತದ್ದು ಕಾಸಿಲ್ಲದ ಕಾಲದಲ್ಲಿ. 1996ರಲ್ಲಿ ಸ್ವೆನ್ ವಿಂಕೆ ಕಟ್ಟಿದ ಸಂಸ್ಥೆಯಿದು. 2013ರಲ್ಲಿ ‘ಡಿವಿನಿಟಿ: ಒರಿಜಿನಲ್ ಸಿನ್’ ಆಟಕ್ಕಾಗಿ ಜನರ ಮುಂದೆಯೇ ಕೈಚಾಚಿತು. ಕೇಳಿದ್ದು 4 ಲಕ್ಷ ಡಾಲರ್, ಬಂದದ್ದು 9.44 ಲಕ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಸ್ಟೀಮ್ ಎಂಬ ಗೇಮ್ ಮಾರುಕಟ್ಟೆ, ಪೂರ್ತಿಯಾಗದ ಆಟಗಳನ್ನು ಹಾಗೆಂದು ಹೇಳಿಯೇ ಮಾರುವ ‘ಅರ್ಲಿ ಆಕ್ಸೆಸ್’ ಏರ್ಪಾಟು ಶುರುಮಾಡಿತ್ತು. 2014ರ ಜನವರಿಯಲ್ಲಿ ಒರಿಜಿನಲ್ ಸಿನ್ ಆ ಅಂಗಡಿಗೆ ಬಂತು, ಜೂನ್ 30ಕ್ಕೆ ಪೂರ್ತಿಯಾಗಿ ಹೊರಬಂತು. ಎರಡನೇ ಭಾಗ ಹೀಗೆಯೇ ಒಂದು ವರ್ಷ ಜನರ ಕೈಯಲ್ಲಿದ್ದು ಮುಗಿಯಿತು.

ಅತ್ತ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆತನ ಹೊಂದಿದ್ದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೂಡ 2012ರ ಮೇ ತಿಂಗಳಲ್ಲಿ ಹೊಸ ನಿಯಮಗಳ ಕರಡನ್ನು ಬಹಿರಂಗವಾಗಿ ಹಂಚಿತ್ತು. 1.75 ಲಕ್ಷಕ್ಕೂ ಹೆಚ್ಚು ಮಂದಿ ಆಡಿ ನೋಡಿದರೆಂದು ಸಂಸ್ಥೆ ಹೇಳಿಕೊಂಡಿತು. 2014ರಲ್ಲಿ ಬಂದ ಐದನೇ ಆವೃತ್ತಿ ಅದರ ಫಲ. ಬಾಲ್ಡರ್ಸ್ ಗೇಟ್ 3 ನಿಂತಿರುವುದು ಆ ನಿಯಮಗಳ ಮೇಲೆಯೇ.

2020ರ ಅಕ್ಟೋಬರ್ 6ರಂದು ಆಟ ಅರ್ಲಿ ಆಕ್ಸೆಸ್‌ಗೆ ಬಂತು. ಮೂರು ಅಂಕಗಳಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಬೆಲೆ ಪೂರ್ತಿ 60 ಡಾಲರ್. ಮುಂದಿನ ಎರಡು ಮುಕ್ಕಾಲು ವರ್ಷ ಅದೇ ಅಂಕ ಜನರ ಕೈಯಲ್ಲಿ ಉಜ್ಜಿಸಿಕೊಂಡಿತು. ನಡುನಡುವೆ ಡ್ರೂಯಿಡ್, ಸಾರ್ಸರರ್, ಬಾರ್ಡ್, ಪ್ಯಾಲಡಿನ್ ಎಂದು ಹೊಸ ಪಾತ್ರವರ್ಗಗಳು ಸೇರುತ್ತ ಹೋದವು.

ಆಟದಿಂದ ಅಂಕಿಅಂಶ ತಾನಾಗಿಯೇ ಬರುತ್ತಿತ್ತು. ಮೊದಲ ವಾರಾಂತ್ಯದಲ್ಲಿ ಹೆಚ್ಚು ಜನ ಆರಿಸಿದ ಲಕ್ಷಣಗಳನ್ನೆಲ್ಲ ಕೂಡಿಸಿದಾಗ ಸಿಕ್ಕಿದ್ದು ತೀರಾ ಸಾಮಾನ್ಯ ಮುಖದ ಒಬ್ಬ ಮನುಷ್ಯ. ಕೊಂಬು, ಬಾಲ, ದೆವ್ವದ ಕಣ್ಣು ಎಲ್ಲ ಕೊಟ್ಟಿದ್ದೇವಲ್ಲ ಎಂದು ಸಂಸ್ಥೆಯವರೇ ತಮಾಷೆಗೆ ಗೊಣಗಿದರು. ಎಷ್ಟು ಜನ ಏನು ಮಾಡಿದರು ಎಂಬುದನ್ನು ಅಂಕಿ ಹೇಳುತ್ತದೆ. ಏಕೆ ಮಾಡಿದರು ಎಂಬುದಕ್ಕೆ ಮಾತೇ ಬೇಕು.

ಅಂಥ ಮಾತಿಗೆ ನಾನು ಮತ್ತೆ ಮತ್ತೆ ನೆನೆಯುವುದು ಎತ್ತರದ ಜಾಗದ ಪ್ರಸಂಗವನ್ನು. ಆರಂಭದಲ್ಲಿ ಎತ್ತರದಲ್ಲಿ ನಿಂತು ಬಾಣ ಬಿಟ್ಟರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ, ಹೆಚ್ಚು ಬಿದ್ದದ್ದನ್ನು ಇಟ್ಟುಕೊಳ್ಳಬಹುದಿತ್ತು. ಬೆನ್ನ ಹಿಂದೆ ನಿಂತು ಹೊಡೆದರೂ ಅದೇ ಲಾಭ. ಕೇಳಲು ಚೆನ್ನಾಗಿದೆ. ಆದರೆ ಮೇಜಿನ ಆಟ ಬಲ್ಲವರು ಇದರ ಪರಿಣಾಮವನ್ನು ಬಿಡಿಸಿ ಹೇಳಿದರು. ಹನ್ನೊಂದು ಅಥವಾ ಹೆಚ್ಚು ಬಿದ್ದರೆ ಏಟು ತಾಗುತ್ತದೆ ಎಂದಿಟ್ಟುಕೊಳ್ಳಿ. ಒಂದು ದಾಳಕ್ಕೆ ಸಾಧ್ಯತೆ ಶೇ 50, ಎರಡು ದಾಳಕ್ಕೆ ಶೇ 75. ದಿಬ್ಬ ಹತ್ತಿದರೇ ಇಷ್ಟು ಸಿಗುವುದಾದರೆ, ಇದೇ ಲಾಭ ಕೊಡುವ ಮಂತ್ರಗಳನ್ನು ಯಾರು ಕಲಿಯುತ್ತಾರೆ? ಪ್ರತಿ ಕಾಳಗವೂ ದಿಬ್ಬ ಹತ್ತುವ, ಬೆನ್ನ ಹಿಂದೆ ಸುತ್ತುವ ಕಾಳಗವೇ ಆಗುವುದಿಲ್ಲವೇ? ಮುಗಿದ ಆಟದಲ್ಲಿ ಎತ್ತರದಲ್ಲಿ ನಿಂತರೆ ದಾಳದ ಸಂಖ್ಯೆಗೆ ಎರಡು ಮಾತ್ರ ಕೂಡುತ್ತದೆ. ಅಂದರೆ ಅದೇ ಏಟಿಗೆ ಶೇ 60. ಬೆನ್ನ ಹಿಂದಿನ ಲಾಭ ಹೋಯಿತು. ಇಲ್ಲಿ ಯಾರೂ ಬೈದು ಗೆದ್ದದ್ದಲ್ಲ. ಒಂದು ನಿಯಮ ಇನ್ನೊಂದನ್ನು ಹೇಗೆ ನುಂಗುತ್ತದೆ ಎಂದು ತಾಳ್ಮೆಯಿಂದ ತೋರಿಸಿಕೊಟ್ಟರು.

ಕೇಳಿದ್ದೆಲ್ಲ ಸಿಗಲೂ ಇಲ್ಲ. ತಂಡದಲ್ಲಿ ನಾಲ್ವರ ಬದಲು ಆರು ಜನ ಇರಲಿ ಎಂದು ಬಹಳ ಮಂದಿ ಕೇಳಿದರು, ನಾಲ್ಕೇ ಉಳಿಯಿತು. ಹಗಲು ರಾತ್ರಿ ತಾನಾಗಿ ಸರಿಯಲಿ ಎಂದರು, ಅದೂ ಆಗಲಿಲ್ಲ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆಡುವವರಿಗೆ ತಮಗೆ ಎಲ್ಲಿ ನೋವಾಯಿತು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಮದ್ದು ಯಾವುದೆಂದು ಆರಿಸುವುದು ಕಟ್ಟುವವರ ಹೊಣೆ. ಹಾಗೆಂದು ಅವರು ಕೈ ಬಿಗಿಹಿಡಿದರು ಎನ್ನಲಾಗದು. ವಿಲ್ ಎಂಬ ಜೊತೆಗಾರನ ಕಥೆಯನ್ನು ಪೂರ್ತಿ ಹೊಸದಾಗಿ ಬರೆದು, ಹೊಸ ನಟನಿಂದ ದನಿ ಕೊಡಿಸಿದರು.

2023ರ ಆಗಸ್ಟ್ 3ರಂದು ಆಟ ಪೂರ್ಣವಾಗಿ ಬಿಡುಗಡೆಯಾಯಿತು. ಹತ್ತು ದಿನಗಳಲ್ಲಿ ಸ್ಟೀಮ್‌ನಲ್ಲಿ ಏಕಕಾಲಕ್ಕೆ ಆಡುತ್ತಿದ್ದವರ ಸಂಖ್ಯೆ 8.75 ಲಕ್ಷ ದಾಟಿತು. ಆ ಡಿಸೆಂಬರ್‌ನಲ್ಲಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಪ್ರಶಸ್ತಿ ಪಡೆಯಲು ವಿಂಕೆ ಲೋಹದ ಕವಚ ತೊಟ್ಟೇ ವೇದಿಕೆ ಹತ್ತಿದ.

ಆದರೆ ನಾನು ಗಮನಿಸಬೇಕೆನ್ನುವುದು ಬೇರೆ. ಜನ ಸುಮಾರು ಮೂರು ವರ್ಷ ಆಡಿ ತಿದ್ದಿಸಿದ ಮೊದಲ ಅಂಕ ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಡುಗಡೆಯ ತನಕ ಜನರಿಂದ ಮುಚ್ಚಿಟ್ಟ ಮೂರನೇ ಅಂಕದಲ್ಲೇ ಬಗ್‌ಗಳು, ತಡವರಿಕೆ, ಅವಸರದ ಮುಕ್ತಾಯದ ಬಗೆಗಿನ ದೂರುಗಳು ಹೆಚ್ಚಾಗಿ ಬಂದವು. ಕಾರ್ಲಾಕ್ ಎಂಬ ಪಾತ್ರದ ಕೊನೆ ಅವಳಿಗೆ ತಕ್ಕುದಾಗಿಲ್ಲ ಎಂದು ಆಟಗಾರರು ಮರುಗಿದರು. ಆಗಸ್ಟ್ ಮುಗಿಯುವುದರೊಳಗೆ ಅವಳಿಗೆ ಇನ್ನೊಂದು ಕೊನೆ ಸಿಕ್ಕಿತು. ನವೆಂಬರ್ 30ರ ಪ್ಯಾಚ್‌ನಲ್ಲಿ ಇಡೀ ತಂಡ ಮತ್ತೆ ಸೇರಿ ಮಾತಾಡುವ ಉಪಸಂಹಾರವೇ ಬಂತು. ಕಥೆಯ ಕೊನೆ ಮುಚ್ಚಿಡಬೇಕಾದದ್ದು ಸರಿ, ನಾನೂ ಒಪ್ಪುತ್ತೇನೆ. ಆ ಗುಟ್ಟಿಗೆ ತೆತ್ತ ಬೆಲೆಯಿದು.

ಈಗ ಗೇಮ್ ಕಟ್ಟುವುದು ಗೆಂಟ್‌ನವರ ಕೆಲಸ ಮಾತ್ರವಲ್ಲ. ನಿಮ್ಮ ಮನೆಯ ಮಗಳೋ ಪಕ್ಕದ ಮನೆಯ ಹುಡುಗನೋ ಲ್ಯಾಪ್‌ಟಾಪ್ ತಂದು, ‘ಇನ್ನೂ ಮುಗಿದಿಲ್ಲ, ಸ್ವಲ್ಪ ಆಡಿ ನೋಡಿ’ ಎಂದಾರು. ‘ಚೆನ್ನಾಗಿದೆ’ ಎಂದು ಎದ್ದುಬಿಡಬೇಡಿ, ಹೀಗಲ್ಲ ಹಾಗೆ ಮಾಡು ಎಂದೂ ಮೊದಲೇ ಶುರುಮಾಡಬೇಡಿ. ಒಂದು ಗಂಟೆ ಆಡಿ. ಏನು ಮಾಡಲು ಹೋದಿರಿ, ಏನಾಗಬಹುದು ಅಂದುಕೊಂಡಿರಿ, ಏನಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಯಾವ ಪಾತ್ರದ ಹೆಸರು ನೆನಪಿನಲ್ಲಿ ಉಳಿಯಿತು, ಎಲ್ಲಿ ನಗು ಬಂತು, ಅದನ್ನೂ ಸೇರಿಸಿ. ಎಲ್ಲಿ ಆಟ ಸಾಕೆನಿಸಿ ಕೈ ತೆಗೆದಿರಿ ಎಂಬುದನ್ನಂತೂ ತಪ್ಪದೆ ಹೇಳಿ.