ಚೀಟಿ ತಪ್ಪಿದ ಶ್ರುತಿ

"ಹಾಡು ಬರೋಬ್ಬರಿ ಐತಿ, ಆದ್ರ ಶ್ರುತಿ ಇಳದೈತಲ್ಲೋ ತಮ್ಮಾ."

ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ಅಜ್ಜ ಹೀಗೆಂದಾಗ ಮೊಮ್ಮಗ ನಂಬಲಿಲ್ಲ. ಮಠದ ಭಜನಾ ಮೇಳದ ಹಳೆಯ ಕ್ಯಾಸೆಟ್ಟನ್ನು ಅವನೇ ಫೋನಿಗೆ ತುಂಬಿ, ಎಂಪಿ3 ಮಾಡಿ, ಮೆಮೊರಿ ಕಾರ್ಡಿಗೆ ಹಾಕಿದ್ದ. "ಟೇಪ ಹಳೇದಾಗೇತಿ ಅಜ್ಜಾ" ಎಂದ. ಆ ಟೇಪಿನಲ್ಲಿ ಪೆಟ್ಟಿಗೆ ನುಡಿಸಿದವರೇ ಅಜ್ಜ. ಒಳಗಿಂದ ಹಾರ್ಮೋನಿಯಂ ತರಿಸಿ ಕಪ್ಪು ಒಂದರ ಮೇಲೆ ಬೆರಳಿಟ್ಟರು. ಕೂಡಲಿಲ್ಲ. ಬಿಳಿ ಒಂದಕ್ಕೆ ಬಂದರು, ಅದರ ಕೆಳಗಿನ ಮನೆಗೆ ಇಳಿದರು. "ಇದು ಯಾವ ಮನಿಗೂ ಕೂಡವಲ್ದು!"

ಗಾಯಕ ಸವಾಯಿ ಗಂಧರ್ವರ (1886–1952) ಊರಿನ ಸುತ್ತಮುತ್ತ ಇಂಥ ಕಿವಿಗಳಿಗೆ ಬರವಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತದ್ದು, ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಉಳಿದು ಕಲಿತದ್ದು ಇದೇ ಕುಂದಗೋಳದಲ್ಲಿ. ಅಜ್ಜನ ಮಾತನ್ನು ನಾನಂತೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗಡಿಯಾರ ನೋಡಿದೆ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬಾಜೂ 30 ನಿಮಿಷ. ಹುಡುಗನ ಫೈಲು ಓಡಿದ್ದು 32 ನಿಮಿಷ 39 ಸೆಕೆಂಡು. ಕಳ್ಳ ಸಿಕ್ಕಿಬಿದ್ದ.

ಡಿಜಿಟಲ್ ಹಾಡೆಂದರೆ ಅಂಕಿಗಳ ರಾಶಿ. ಧ್ವನಿಯ ಅಲೆ ಏರಿ ಇಳಿಯುವುದನ್ನು ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುತ್ತದೆ. ಸಿಡಿಯ ಲೆಕ್ಕದಲ್ಲಿ 44,100 ಸಲ. ಈಗಿನ ಫೋನುಗಳು ಹೆಚ್ಚಾಗಿ 48,000 ಸಲ. ಎಷ್ಟು ಸಲ ಅಳೆದೆ ಎಂಬುದನ್ನು ಫೈಲಿನ ಆರಂಭದಲ್ಲಿ ಗುರುತು ಹಾಕಿರುತ್ತದೆ. ಅಣ್ಣಿಗೇರಿ ಪೇಟೆಗೆ ಹೋಗುವ ಕಡಲೆ ಚೀಲಕ್ಕೆ ಚೀಟಿ ಕಟ್ಟಿದ ಹಾಗೆ. ಹುಡುಗನ ಆ್ಯಪ್ 48,000ದ ಅಂಕಿಗಳನ್ನು ಹಾಗೇ ಇಟ್ಟು, ಚೀಟಿಯ ಮೇಲೆ 44,100 ಎಂದು ಬರೆದಿತ್ತು. ಒಂದು ಸೆಕೆಂಡಿನಲ್ಲಿ ಮುಗಿಯಬೇಕಾದ ಅಂಕಿಗಳನ್ನು ಪ್ಲೇಯರು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಓದುತ್ತದೆ. ಹಾಡು ನಿಧಾನವಾಗುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಕುಸಿಯುತ್ತದೆ. ಕಪ್ಪು ಒಂದು ಜಾರಿ ಎರಡು ಬಿಳಿ ಮನೆಗಳ ನಟ್ಟನಡುವೆ ನಿಲ್ಲುತ್ತದೆ. ಅಜ್ಜನ ಬೆರಳಿಗೆ ಸಿಗದೇ ಹೋದದ್ದು ಅದಕ್ಕೇ.

ತಪ್ಪು ಟೇಪಿನದೇ ಆಗಿದ್ದರೆ? ಬೆಲ್ಟು ಸಡಿಲಾದರೆ, ಸೆಲ್ಲು ಇಳಿದರೆ ಶ್ರುತಿ ಒಂದೇ ಕಡೆ ನಿಲ್ಲುವುದಿಲ್ಲ, ತೂಗಾಡುತ್ತದೆ, ಬರಬರುತ್ತ ಇಳಿಯುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಇಳಿದಿದ್ದರೆ ಚೀಟಿಯನ್ನೇ ಅನುಮಾನಿಸಬೇಕು. ಮೂಲ ಫೈಲಿನಲ್ಲಿ ಆ ಒಂದು ಸಂಖ್ಯೆ ತಿದ್ದಿದರೆ ಸಾಕು, ಕಾಳು ಮುಟ್ಟಬೇಕಿಲ್ಲ. ನಮ್ಮ ಹುಡುಗರು ಮಾತ್ರ ಹಾಡು ಕೆಟ್ಟಿತೆಂದರೆ ಸೀದಾ ಇನ್ನೊಂದು ಸಲ ಕನ್ವರ್ಟ್ ಮಾಡಲು ಕೂರುತ್ತಾರೆ!

ಎರಡನೆಯ ತಕರಾರೂ ಚೀಟಿಯದೇ. ಟ್ರ್ಯಾಕ್ಟರಿನ ಪ್ಲೇಯರಿಗೆ ಹಾಕಿದರೆ ಅರ್ಧ ಗಂಟೆಯ ಭಜನೆ ಎರಡು ಗಂಟೆ ಎಂದು ತೋರಿಸುತ್ತಿತ್ತು, ಮುಂದೆ ಓಡಿಸಿದರೆ ಎಲ್ಲಿಗೋ ಜಿಗಿಯುತ್ತಿತ್ತು. ಎಂಪಿ3 ಹಾಡನ್ನು ಚೂರು ಚೂರಾಗಿ ಕಟ್ಟಿಡುತ್ತದೆ. ಒಂದು ಚೂರಿನಲ್ಲಿ 1,152 ಅಂಕಿ, ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಧ್ವನಿ. ಜಾಗ ಉಳಿಸಲೆಂದು ಮೌನದ ಚೂರಿಗೆ ಕಡಿಮೆ, ತಾಳ ಗೆಜ್ಜೆ ತುಂಬಿದ ಚೂರಿಗೆ ಹೆಚ್ಚು ಜಾಗ ಕೊಡುವ ಪದ್ಧತಿಯೊಂದಿದೆ. ಅಗ್ಗದ ಪ್ಲೇಯರು ಮೊದಲ ಚೂರಿನ ಚೀಟಿಯನ್ನಷ್ಟೇ ನೋಡಿ ಇಡೀ ಫೈಲಿನ ಲೆಕ್ಕ ಹಾಕಿಬಿಡುತ್ತದೆ. ಟೇಪಿನ ಆರಂಭದಲ್ಲಿ ಇದ್ದದ್ದು ಮೌನ: ಸೆಕೆಂಡಿಗೆ 32 ಕಿಲೋಬಿಟ್. ಹಾಡಿನ ಸರಾಸರಿ 128. ನಾಲ್ಕು ಪಟ್ಟು ಸುಳ್ಳು ಅಲ್ಲೇ ಹುಟ್ಟಿತು. ಎಲ್ಲ ಚೂರಿಗೂ ಸಮ ಜಾಗ ಕೊಡುವ ಪದ್ಧತಿಯಲ್ಲಿ, ಮೂಲದಿಂದಲೇ ಮತ್ತೊಮ್ಮೆ ಎಂಪಿ3 ಮಾಡಿದರೆ ಈ ಕಾಟ ತಪ್ಪುತ್ತದೆ.

ಹೆಸರಿನ ಗೋಳು ಬೇರೆ. ಎಂಪಿ3ಯ ಹಳೆಯ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ ಕೊಟ್ಟ ಜಾಗ 30 ಬೈಟು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತದ ಚಿಹ್ನೆ, ಅನುಸ್ವಾರ ಎಲ್ಲಕ್ಕೂ ಮೂರು ಮೂರು ಬೈಟು. 'ಸವಾಯಿ ಗಂಧರ್ವ' ಎಂದು ಬರೆಯಲು 34 ಬೇಕು. ಕುಂದಗೋಳದ ದೊಡ್ಡ ಹೆಸರೇ ಅದರಲ್ಲಿ ಹಿಡಿಯುವುದಿಲ್ಲ! ಹೊಸ ಟ್ಯಾಗಿನಲ್ಲಿ ಜಾಗವುಂಟು, ಆದರೆ ಪ್ಲೇಯರಿನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಅಂಥ ಡಬ್ಬಿಗೆ 01, 02 ಎಂದು ಹೆಸರಿಡುವುದೇ ಜಾಣತನ.

ನವಲಗುಂದದ ಗೆಳೆಯರೊಬ್ಬರ ಫೈಲು ಇನ್ನೂ ವಿಚಿತ್ರ. ಇಯರ್‌ಫೋನಿನಲ್ಲಿ ಕೇಳುವ ಹಾಡು ಒಂದೇ ಸ್ಪೀಕರಿನ ಡಬ್ಬಿಗೆ ಹಾಕಿದರೆ ಮಾಯ. ಒಂದೇ ಮೈಕಿನಲ್ಲಿ ಹಿಡಿದ ಹಾಡಾದ್ದರಿಂದ ಎಡಬಲ ಎರಡರಲ್ಲೂ ಒಂದೇ ಧ್ವನಿ. ತುಂಬುವಾಗ ವೈರು ತಿರುಗುಮುರುಗಾಗಿ ಒಂದು ಬದಿಯ ಅಲೆ ಬುಡಮೇಲಾಗಿತ್ತು. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ; ಡಬ್ಬಿ ಎರಡನ್ನೂ ಕೂಡಿಸಿದಾಗ ಉಳಿಯುವುದು ಟೇಪಿನ ಸುಂಯ್ ಸದ್ದು ಮಾತ್ರ. ಆಡಾಸಿಟಿಯಂಥ ಬಿಟ್ಟಿ ತಂತ್ರಾಂಶದಲ್ಲಿ ಒಂದು ಬದಿಯನ್ನು ಮಗುಚಿದರೆ ಹಾಡು ಮರಳುತ್ತದೆ.

ಮರಳದಿರುವುದು ಒಂದೇ. ಎಂಪಿ3 ಮಾಡುವಾಗ ಕಿವಿಗೆ ಗೊತ್ತಾಗದೆಂದು ಎಸೆದ ಸೂಕ್ಷ್ಮಗಳು ಹೋದವು, ಹೋದವೇ. 64 ಕಿಲೋಬಿಟ್ಟಿನ ಫೈಲನ್ನು 320 ಮಾಡಿದರೆ ಚೀಲ ದೊಡ್ಡದಾಗುತ್ತದೆ, ಬೀಸಿದ ಜೋಳ ಕಾಳಾಗುವುದಿಲ್ಲ. ಅರ್ಧ ಗಂಟೆಯ ಮೂಲ ವೇವ್ ಫೈಲು ಸುಮಾರು 346 ಎಂಬಿ, ಅದರ 128 ಕಿಲೋಬಿಟ್ಟಿನ ಎಂಪಿ3 ಸುಮಾರು 29. ಜಾಗ ತಿನ್ನುತ್ತದೆಂದು ಮೂಲವನ್ನು ಅಳಿಸುವವರ ಮೇಲೆ ನನಗೆ ಸಿಟ್ಟಿದೆ. ಪುಣ್ಯಕ್ಕೆ ನಮ್ಮ ಹುಡುಗ ಅಳಿಸಿರಲಿಲ್ಲ.

ಸಂಖ್ಯೆ ತಿದ್ದಿ, ಹೊಸ ಎಂಪಿ3 ಮಾಡಿ ಹಚ್ಚಿದೆವು. ಅಜ್ಜ ಕಪ್ಪು ಒಂದನ್ನು ಒತ್ತಿ ಹಿಡಿದೇ ಅರ್ಧ ಗಂಟೆ ಕೇಳಿದರು. ಮುಗಿದ ಮೇಲೆ ಮೊಮ್ಮಗನ ಕಡೆ ತಿರುಗಿದರು. "ಇನ್ನೊಂದು ಬಾಜೂ ಎಲ್ಲೋ?"

ಹುಡುಗ ಅದನ್ನು ತುಂಬಿಯೇ ಇರಲಿಲ್ಲ.