ಕೌದಿಗೆ ಇಟ್ಟ ಸೀರೆ, ಅವ್ವನ ಗುಂಡಿ ಅಂಗಿ

ನಮ್ಮ ಮುಧೋಳದ ಕಡೆ ಹತ್ತಿಯ ಸೀರೆ ಹಳತಾದರೆ ಯಾರೂ ಎಸೆಯುವುದಿಲ್ಲ. ಒಗೆದು, ಮಡಚಿ, ಕೌದಿಗೆಂದು ಟ್ರಂಕಿನಲ್ಲಿ ಇಡುತ್ತಾರೆ. ನಮ್ಮ ಮನೆಯ ಟ್ರಂಕಿನಲ್ಲೂ ಆಯಿಯ ಎರಡು ಇಳಕಲ್ ಸೀರೆಗಳಿದ್ದವು. ಆಯಿ ತೀರಿಕೊಂಡ ಮೇಲೆ ಅವನ್ನು ಕತ್ತರಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಈ ವರ್ಷ ಅವ್ವನ ಬಲಭುಜ ಹಿಡಿದುಕೊಂಡಿತು. ಡಾಕ್ಟರ್ ಇದನ್ನು ಫ್ರೋಜನ್ ಶೋಲ್ಡರ್ ಅಂದರು. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಪೂರ್ತಿ ಸಡಿಲಾಗಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಕೈ ಮೇಲೆತ್ತುವುದೇ ಕಷ್ಟ. ಸೀರೆಯ ಸೆರಗು ಹೊದೆಯಲು ಆಗದು. ಅಂಗಡಿಯ ನೈಟಿಗೆ ಮುಂದೆ ಜಿಪ್ ಇದ್ದರೂ ಅದು ಎದೆಯವರೆಗೆ ಮಾತ್ರ. ತಲೆಯ ಮೇಲಿಂದಲೇ ಹಾಕಿಕೊಳ್ಳಬೇಕು. ದಿನಾ ಬೆಳಿಗ್ಗೆ ಅವ್ವ ಬಾಗಿಲು ಮುಂದೆ ಮಾಡಿ ನನ್ನನ್ನು ಕರೆಯುತ್ತಿದ್ದಳು. ನೋವಿಗಿಂತ ಆ ಕರೆಯುವ ಸಂಕೋಚವೇ ಅವಳಿಗೆ ಹೆಚ್ಚಾಗಿತ್ತು.

ಮೇಲಿಂದ ಕೆಳಗಿನವರೆಗೆ ಗುಂಡಿ ಇರುವ ಉದ್ದನೆಯ ಅಂಗಿ ಹೊಲಿದರೆ ಹೇಗೆ ಅಂತ ನಾನು ಆ ಸೀರೆಗಳನ್ನು ಹೊರಗೆ ತೆಗೆದೆ.

"ಬ್ಯಾಡ ಯವ್ವಾ," ಅಂದಳು ಅವ್ವ. "ಕೌದಿ ಆದ್ರ ಮನಿ ಮಂದಿಯೆಲ್ಲಾ ಹೊದ್ಕೋತಾರ. ಅಂಗಿ ನಾ ಒಬ್ಬಾಕಿನೇ ತೊಟಗೋತೀನಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಉಳಿದ ತುಂಡಿನಲ್ಲಿ ಕೂಸಿನ ಕೌದಿಯಾದರೂ ಆಗಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು.

ಕೌದಿಗಿಟ್ಟ ಬಟ್ಟೆಗೆ ಒಂದು ದೊಡ್ಡ ಗುಣವಿದೆ. ವರ್ಷಗಟ್ಟಲೆ ಒಗೆದ ಹತ್ತಿ ಇನ್ನು ಕುಗ್ಗುವುದಿಲ್ಲ, ಮೈಗೆ ಚುಚ್ಚುವುದೂ ಇಲ್ಲ. ಆದರೆ ಎಲ್ಲ ಕಡೆ ಒಂದೇ ಗಟ್ಟಿ ಇರುವುದಿಲ್ಲ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸವೆದ ಜಾಗ ಜಾಳಾಗಿ ಕಾಣುತ್ತದೆ. ಹಾಸಿನ ಕಡೆ ಒಮ್ಮೆ, ಹೊಕ್ಕಿನ ಕಡೆ ಒಮ್ಮೆ ಮೆಲ್ಲಗೆ ಎಳೆದು ನೋಡಿ. ಎಳೆ ಸರಿದ ಕಡೆ ಸುಣ್ಣದಿಂದ ಗುರುತು ಹಾಕಿ, ಅದನ್ನು ಬಿಟ್ಟು ಕತ್ತರಿಸಿ. ಇಳಕಲ್ ಸೀರೆಯ ಕೆಂಪು ಸೆರಗು ರೇಷ್ಮೆಯದು. ಮಗ್ಗದಲ್ಲೇ ಕುಣಿಕೆ ಹಾಕಿ ಅದನ್ನು ಮೈಯ ಹಾಸಿಗೆ ಕೂಡಿಸಿರುತ್ತಾರೆ. ಅದರ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿಕೊಳ್ಳಬೇಕು. ನಾನು ಸೆರಗನ್ನು ಜೇಬಿಗೆ ಮಾತ್ರ ಬಳಸಿದೆ.

ಇನ್ನು ಅಳತೆ. ಅವ್ವನ ಎದೆ ಸುತ್ತಳತೆ 40 ಇಂಚು. ಅದಕ್ಕೆ 5 ಇಂಚು ಸಡಿಲ ಬಿಟ್ಟೆ. ಭುಜ ಹಿಡಿದವರಿಗೆ ತೋಳು ಸೇರುವ ಕಂಕುಳ ಸುತ್ತೇ ಮುಖ್ಯ. ಅದನ್ನು ಮಾಮೂಲಿಗಿಂತ ಒಂದೂವರೆ ಇಂಚು ಕೆಳಗಿಳಿಸಿ, ತೋಳನ್ನೂ ಅಷ್ಟೇ ಅಗಲ ಮಾಡಿದೆ. ಅಂಗಿಯ ಉದ್ದ 48 ಇಂಚು.

ಗುಂಡಿ ಪಟ್ಟಿಗೆ ಸಾಮಾನ್ಯವಾಗಿ ಒಳಗೆ ಬಕ್ರಮ್ ಇಡುತ್ತಾರೆ. ನಮಗೆ ಅದು ಬೇಕಾಗಲಿಲ್ಲ. ಸೀರೆಯ ದಡಿಯ ನೇಯ್ಗೆ ಮೈಗಿಂತ ದಟ್ಟ, ಹೀಗಾಗಿ ಕಾಜಾ ಕಿತ್ತು ಬರುವುದಿಲ್ಲ. 4 ಇಂಚಿನ ದಡಿಯ ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಬಿಟ್ಟು ಮಡಚಿದರೆ ಒಂದೂವರೆ ಇಂಚಿನ ಪಟ್ಟಿ ಸಿಗುತ್ತದೆ.

ಮೊದಲ ಗುಂಡಿಯ ಜಾಗವನ್ನು ಕೊರಳಿನಿಂದ ಅಳೆಯಬೇಡಿ. ಎದೆಯ ಅತಿ ತುಂಬಿದ ಜಾಗದಲ್ಲಿ ಒಂದು ಗುರುತು ಹಾಕಿ, ಅಲ್ಲಿಂದ ಮೇಲೆ ಕೆಳಗೆ 4 ಇಂಚಿಗೊಂದರಂತೆ ಗುರುತಿಸಿ. ಆಗ ಕುಳಿತಾಗ ಎದೆಯ ಹತ್ತಿರ ಬಾಯಿ ಬಿಡುವುದಿಲ್ಲ. ನಮಗೆ 11 ಗುಂಡಿ ಬೇಕಾದವು. ನಡೆಯಲು ಅನುಕೂಲವಾಗಲೆಂದು ಕೆಳಗಿನ 7 ಇಂಚು ತೆರೆದೇ ಬಿಟ್ಟೆ. ಗುಂಡಿ 20 ಮಿಲಿಮೀಟರಿನವು, ಹಿಡಿಯಲು ಸುಲಭ. ಕಾಜಾದ ಉದ್ದ ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿದಷ್ಟು, ಅಂದರೆ ಸುಮಾರು 23 ಮಿಲಿಮೀಟರ್.

ಹೆಂಗಸರ ಉಡುಪಿನಲ್ಲಿ ಕಾಜಾ ಬಲಕ್ಕೆ, ಗುಂಡಿ ಎಡಕ್ಕೆ ಇರುವುದು ವಾಡಿಕೆ. ಅವ್ವ ಎಡಗೈಯಲ್ಲೇ ಹಾಕಿಕೊಳ್ಳಬೇಕಿತ್ತು. ಎರಡು ತುಂಡು ಬಟ್ಟೆಯ ಮೇಲೆ ಎರಡೂ ರೀತಿ ಹೊಲಿದು ಕೊಟ್ಟೆ. ಅವಳು ಆರಿಸಿದ್ದು ಗಂಡಸರ ಅಂಗಿಯ ರೀತಿ, ಗುಂಡಿ ಬಲಕ್ಕೆ! ಸ್ವಂತಕ್ಕೆ ಹೊಲಿಯುವುದರ ಲಾಭ ಇದೇ ನೋಡಿ, ವಾಡಿಕೆಯನ್ನು ಕೇಳುವವರಿಲ್ಲ.

ಅಂಗಿಯ ಭಾರವೆಲ್ಲ ಬೀಳುವುದು ಹೆಗಲಿನ ಮೇಲೆ. ಹಳೆಯ ಬಟ್ಟೆ ಒಂದೇ ಪದರವಾದರೆ ಅಲ್ಲಿ ಬೇಗ ಹರಿಯುತ್ತದೆ. ಕೌದಿಯ ವಿದ್ಯೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಎರಡು ಪದರ ಕೂಡಿಸಿ ಒತ್ತೊತ್ತಾಗಿ ಸಾದಾ ಟಾಕಿ ಹಾಕಿದರೆ ಎಳೆತ ಒಂದೇ ಎಳೆಗೆ ಬೀಳದೆ ಎಲ್ಲ ಕಡೆ ಹಂಚಿಹೋಗುತ್ತದೆ. ಹಳೆ ಬಟ್ಟೆಯ ಕೌದಿ ಬಾಳಿಕೆ ಬರುವುದೂ ಹೀಗೆಯೇ.

ಈ ಕೆಲಸ ಮಾಡಿದವಳು ಅವ್ವನೇ. ಮೊಣಕೈಯನ್ನು ದಿಂಬಿನ ಮೇಲಿಟ್ಟು ತೊಡೆಯ ಮೇಲೆ ಹೊಲಿಯಲು ಭುಜ ಎತ್ತಬೇಕಿಲ್ಲ. ದಿನಕ್ಕೆ ಅರ್ಧ ತಾಸಿನಂತೆ ನಾಲ್ಕು ದಿನ ಹಿಡಿಯಿತು. ನಡುವೆ ಒಮ್ಮೆ ಬಟ್ಟೆಯನ್ನು ಮೂಗಿಗೆ ಹಿಡಿದು, "ಆಯಿ ವಾಸನಿ ಹೋಗೇದ," ಅಂದಳು. ಮತ್ತೆ ಸೂಜಿಗೆ ದಾರ ಪೋಣಿಸಿಕೊಂಡಳು.

ತೊಡುವ ಕ್ರಮ ಹೀಗೆ: ಮೊದಲು ನೋವಿರುವ ಕೈ ತೂರಿಸಬೇಕು, ಆಮೇಲೆ ಒಳ್ಳೆಯ ಕೈ. ತೆಗೆಯುವಾಗ ಒಳ್ಳೆಯ ಕೈ ಮೊದಲು, ನೋವಿನ ಕೈ ಕೊನೆಗೆ. ಕೆಳಗಿನ ನಾಲ್ಕು ಗುಂಡಿ ಹಾಕಿಯೇ ಇಟ್ಟರೆ ಕುರ್ಚಿಯ ಮೇಲೆ ಕುಳಿತು ಕಾಲಿನಿಂದಲೇ ಏರಿಸಿಕೊಳ್ಳಬಹುದು. ಅಂಗಿ ಸುಲಭವಾಯಿತೆಂದು ಡಾಕ್ಟರ್ ಹೇಳಿದ ವ್ಯಾಯಾಮವನ್ನು ಮಾತ್ರ ಬಿಡಬಾರದು.

ಈಗ ಬೆಳಿಗ್ಗೆ ಅವ್ವ ನನ್ನನ್ನು ಕರೆಯುವುದಿಲ್ಲ. ಕೂಸಿನ ಕೌದಿ ಅರ್ಧ ಆಗಿದೆ. ಓಣಿಯಲ್ಲಿ ಇನ್ನೊಬ್ಬರಿಗೂ ಭುಜ ಹಿಡಿದಿದೆಯಂತೆ. ನಿನ್ನೆ ಅವರು ತಮ್ಮ ಟ್ರಂಕಿನಿಂದ ಒಂದು ಸೀರೆ ತಂದುಕೊಟ್ಟು, "ಜೇಬು ಎರಡೂ ಕಡೆ ಇಡವಾ" ಅಂದು ಹೋಗಿದ್ದಾರೆ.